ನಲವತ್ತು ಘಳಿಗೆ

ಒಂದು ಭಾನುವಾರ ಮಧ್ಯಾಹ್ನ ಸಿಂಗಪುರದ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಕರಿ ಹಿನ್ನೆಲೆ, ಅದರ ಮೇಲೆ ಬಿಳಿ ಗೀಚು. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು: ಇದು ಹಳೆಯ ಕನ್ನಡ ಇರಬಹುದೇ, ಯಾರಿಗಾದರೂ ಓದಲು ಬರುತ್ತದೆಯೇ, ಯೂನಿವರ್ಸಿಟಿಯ ಪ್ರೊಫೆಸರೊಬ್ಬರು ಕೇಳುತ್ತಿದ್ದಾರೆ. ಐದು ನಿಮಿಷದಲ್ಲಿ ಉತ್ತರಗಳ ಸುರಿಮಳೆ. ಒಬ್ಬರು ಫೋನಿನಲ್ಲೇ ಟ್ರಾನ್ಸ್‌ಲೇಟ್ ಮಾಡಿ ನೋಡಿ ಎಂದು ಸಲಹೆ ಕೊಟ್ಟರು. ಇನ್ನೊಬ್ಬರು ಇದು ತೆಲುಗು ಎಂದು ತೀರ್ಪು ಕೊಟ್ಟರು. ಮತ್ತೊಬ್ಬರು ಅದರ ಗೊಡವೆಗೇ ಹೋಗದೆ ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿದರು. ನಾನು ಕುಕ್ಕರ್ ಆರಿಸಿ, ಕನ್ನಡಕ ಹುಡುಕಿ ಹಾಕಿಕೊಂಡು ಫೋನನ್ನು ಕಣ್ಣಿನ ಹತ್ತಿರ ಹಿಡಿದೆ. ಅದು ಕಡತ. ಮೊದಲ ಸಾಲಿನಲ್ಲೇ ‘ಪತ್ತೆಮಾರಿ’ ಎಂದಿತ್ತು. ಪತ್ತೆಮಾರಿ ಎಂದರೆ ನಮ್ಮ ಕರಾವಳಿಯ ಹಾಯಿ ಹಡಗು. ಮೈಸೂರು ಸೀಮೆಯವಳಾದ ನಾನು ಆ ಪದವನ್ನು ಕಡತಗಳಲ್ಲಿ ಮಾತ್ರ ಕಂಡಿದ್ದೆ, ಅದೂ ಎರಡೋ ಮೂರೋ ಸಲ.

ಕಡತವೆಂದರೆ ಈಗ ಆಫೀಸಿನ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಇಡುತ್ತಿದ್ದರು. ಬಳಪದಲ್ಲಿ ಬರೆಯುವುದು. ಬೇಡವೆಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಶಾನುಭೋಗರು, ಅಂಗಡಿಯವರು, ಸರಕು ಸಾಗಿಸುವವರು ಎಲ್ಲರೂ ಅದರಲ್ಲೇ ಬರೆದುಕೊಳ್ಳುತ್ತಿದ್ದರು. ಸಿಂಗಪುರಕ್ಕೆ ಬರುವ ಮೊದಲು ನಾನು ಮೈಸೂರಿನ ಒಂದು ಹಸ್ತಪ್ರತಿ ವಿಭಾಗದಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿದವಳು. ಹನ್ನೊಂದು ವರ್ಷವೂ ತಾತ್ಕಾಲಿಕ ನೌಕರಿ. ಅಲ್ಲಿ ವಯಸ್ಸಾದ ಪಂಡಿತರೊಬ್ಬರು ನನಗೆ ಮೋಡಿ ಅಕ್ಷರ ಕಲಿಸಿದರು. ಒಂದಕ್ಕೊಂದು ತಳುಕು ಹಾಕಿಕೊಂಡ ಆ ಓಡುಬರಹವನ್ನು ಬಿಡಿಸುವುದರಲ್ಲಿ ನಾನು ಅವರಿಗಿಂತ ಚುರುಕಾದಾಗ ಅವರಿಗೆ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನನ್ನ ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿ ನಾವು ಕ್ಲೆಮೆಂಟಿ ಬಡಾವಣೆಗೆ ಬಂದು ಎಂಟು ವರ್ಷವಾಗಿತ್ತು. ಒಂಬತ್ತನೆಯ ಮಹಡಿಯ ಬಾಡಿಗೆ ಮನೆ. ಅಡುಗೆಮನೆಯ ಕಿಟಕಿಯಿಂದ ಎಂಆರ್‌ಟಿ ರೈಲು ಹೋಗುವುದು, ಬರುವುದು ಕಾಣುತ್ತದೆ. ನನ್ನ ಪರ್ಸಿನಲ್ಲಿ ಒಂದು ಕಾರ್ಡು. ಅದರ ಮೇಲೆ ನನ್ನ ಮುಖ, ನನ್ನ ಹೆಸರು, ಜೊತೆಗೆ ‘ಡಿಪೆಂಡೆಂಟ್’ ಎಂಬ ಪದ. ಆ ಕಾರ್ಡು ಇಟ್ಟುಕೊಂಡವರು ಗಂಡನ ಕೆಲಸ ಇರುವವರೆಗೆ ಈ ದೇಶದಲ್ಲಿ ಇರಬಹುದು, ಸ್ವಂತ ಕೆಲಸ ಮಾಡುವಂತಿಲ್ಲ. ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ, ಕೊನೆಗೆ ಲೈಬ್ರರಿಯಲ್ಲಿ ಕೂಡ ಆ ಪದವನ್ನು ತೋರಿಸಬೇಕು. ಮೊದಲ ವರ್ಷ ನಗು ಬರುತ್ತಿತ್ತು. ಎರಡನೆಯ ವರ್ಷದಿಂದ ಸಿಟ್ಟು ಬರತೊಡಗಿತು, ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಐದನೆಯ ವರ್ಷದ ಹೊತ್ತಿಗೆ ಅದೂ ಹೋಗಿ, ಮುಚ್ಚಿದ ಡಬ್ಬಿಯೊಳಗೆ ಕೂತ ಹಾಗೆ ಅನ್ನಿಸತೊಡಗಿತು. ಬೆಳಿಗ್ಗೆ ಗಂಡ ಮತ್ತು ಮಗಳು ಹೊರಟಮೇಲೆ ಬಾಗಿಲು ಹಾಕಿಕೊಂಡರೆ ಸಂಜೆಯವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಊರಿಗೆ ವಾಪಸ್ ಹೋಗೋಣವೆಂದರೆ ಮಗಳ ಓದು. ಇಲ್ಲೇ ಇರೋಣವೆಂದರೆ ನಾನು.

ಗುಂಪಿಗೆ ಉತ್ತರ ಹಾಕಲು ಎರಡು ಗಂಟೆ ಯೋಚಿಸಿದೆ. ಕೊನೆಗೆ ‘ನನಗೆ ಓದಲು ಬರುತ್ತದೆ’ ಎಂದು ಹಾಕಿದೆ.

“ಕಡತ ಓದೋರ್ಗೂ ಡಿಮ್ಯಾಂಡ್ ಬಂತಲ್ಲೇ,” ಎಂದ ಗಂಡ. “ನೋಡ್ತಿರು, ನಾಳೆ ನನ್ನನ್ನೇ ಡಿಪೆಂಡೆಂಟ್ ಮಾಡ್ಬಿಡ್ತೀಯ.”

“ಬಾಯಿಗೆ ಸಕ್ಕರೆ ಹಾಕ್ತೀನಿ ರೀ,” ಎಂದೆ.

ಪ್ರೊಫೆಸರ್ ಇಲ್ಲೇ ಹುಟ್ಟಿ ಬೆಳೆದ ಚೀನಿ ಹೆಂಗಸು, ನನ್ನದೇ ವಯಸ್ಸು. ಜೋರಾಗಿ ನಡೆಯುತ್ತಾರೆ, ಸಕ್ಕರೆಯಿಲ್ಲದ ಕಪ್ಪು ಕಾಫಿ ಕುಡಿಯುತ್ತಾರೆ, ಎದುರಿನವರು ಮಾತಾಡುವಾಗ ಫೋನು ನೋಡುವುದಿಲ್ಲ. ಯೂನಿವರ್ಸಿಟಿಯ ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಅವರು ನನಗೆ ಹಡಗಿನ ಕಥೆ ಹೇಳಿದರು.

ಹಾಯಿ ಹಡಗುಗಳ ಕಾಲದಲ್ಲಿ ಶತ್ರು ದೇಶದ ವ್ಯಾಪಾರದ ಹಡಗುಗಳನ್ನು ಹಿಡಿಯುವುದೂ ಯುದ್ಧದ ಒಂದು ಭಾಗವಾಗಿತ್ತಂತೆ. ಹಿಡಿದವರು ತಮ್ಮ ಕೆಲವು ಜನರನ್ನು ಹಡಗಿಗೆ ಹತ್ತಿಸಿ ತಮ್ಮ ಬಂದರಿಗೆ ಒಯ್ಯುತ್ತಿದ್ದರು. ದಾರಿಯಲ್ಲಿ ಇನ್ನೊಬ್ಬರು ಅಡ್ಡ ಬಂದು ಅದನ್ನು ಬಿಡಿಸಿಕೊಳ್ಳುವುದೂ ಇತ್ತು. ಆಗ ಪ್ರಶ್ನೆ ಏಳುತ್ತಿತ್ತು: ಬಿಡಿಸಿಕೊಂಡ ಹಡಗು ಯಾರದ್ದು? ಹಲವು ದೇಶಗಳಲ್ಲಿ ಅದಕ್ಕೊಂದು ಗಡುವಿತ್ತು. ಶತ್ರುವಿನ ಕೈಯಲ್ಲಿ ಇಪ್ಪತ್ನಾಲ್ಕು ಗಂಟೆಗಿಂತ ಕಡಿಮೆ ಇದ್ದು ಬಿಡುಗಡೆಯಾದರೆ ಹಡಗು ಮೊದಲಿನ ಯಜಮಾನನಿಗೆ ವಾಪಸ್. ಬಿಡಿಸಿದವನಿಗೆ ಒಂದು ಪಾಲು ಕೊಟ್ಟರೆ ಆಯಿತು. ಇಪ್ಪತ್ನಾಲ್ಕು ದಾಟಿದರೆ ಹಡಗೂ ಸರಕೂ ಪೂರ್ತಿಯಾಗಿ ಬಿಡಿಸಿದವನದ್ದೇ.

ಆ ಪತ್ತೆಮಾರಿ ಅಕ್ಕಿ, ಮೆಣಸು ತುಂಬಿಕೊಂಡು ನಮ್ಮ ಕರಾವಳಿಯಿಂದ ಹೊರಟದ್ದು. ನಡುಗಡಲಿನಲ್ಲಿ ಶತ್ರುಗಳು ಹಿಡಿದರು. ಆಮೇಲೆ ಸ್ನೇಹಿತ ದೇಶದ ಹಡಗೊಂದು ಬಿಡಿಸಿತು. ಬಿಡಿಸಿದವರು ಅದನ್ನು ತಮ್ಮ ದ್ವೀಪಕ್ಕೆ ಒಯ್ದು ಅಲ್ಲಿನ ನ್ಯಾಯಾಲಯದಲ್ಲಿ ಇದು ನಮ್ಮದು ಎಂದರು. ಹಡಗಿನ ತಂಡೇಲ, ಅಂದರೆ ಹಡಗು ನಡೆಸುವವರ ಮುಖ್ಯಸ್ಥ, ಇಲ್ಲ ನಮ್ಮ ಯಜಮಾನರದ್ದು ಎಂದ. ತಾನು ಬರೆದಿಟ್ಟುಕೊಂಡ ಕಡತವನ್ನೇ ಸಾಕ್ಷಿಯಾಗಿ ಕೊಟ್ಟ. ಅಲ್ಲಿನ ಗುಮಾಸ್ತ ಯಾವನೋ ದುಭಾಷಿಯಿಂದ ಅದನ್ನು ಓದಿಸಿ ಟಿಪ್ಪಣಿ ಬರೆದ: ಹಡಗಿನ ಸ್ವಂತ ಪುಸ್ತಕವೇ ನಲವತ್ತು ಗಂಟೆ ಶತ್ರುವಿನ ವಶದಲ್ಲಿದ್ದೆವೆಂದು ಒಪ್ಪಿಕೊಳ್ಳುತ್ತದೆ. ತಂಡೇಲ ಹಡಗು ಕಳೆದುಕೊಂಡ. ಕಡತ ಮಾತ್ರ ನ್ಯಾಯಾಲಯದ ಕಾಗದಗಳ ಜೊತೆ ಕಟ್ಟಿನಲ್ಲೇ ಉಳಿದು, ಈಗ ಯಾರೋ ಅದರ ಫೋಟೋ ತೆಗೆದಿದ್ದರು.

ಇಂಥ ನ್ಯಾಯಾಲಯಗಳು ನಮ್ಮ ಕಡೆಯ ವ್ಯಾಪಾರಿಗಳಿಗೆ ಮೋಸ ಮಾಡುತ್ತಿದ್ದವು ಎಂದು ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರೆ, ಆದರೆ ಈ ಮೊಕದ್ದಮೆಯಲ್ಲಿ ತೀರ್ಪು ಸಾಕ್ಷಿಯ ಪ್ರಕಾರವೇ ನಡೆದಿದೆ ಎಂಬುದು ಪ್ರೊಫೆಸರ್ ವಾದ. ಕಡತದಲ್ಲಿ ನಿಜವಾಗಿ ನಲವತ್ತು ಎಂದಿದೆಯೇ? ಅವರಿಗೆ ಅಷ್ಟೇ ಬೇಕಾಗಿತ್ತು. ಗುಮಾಸ್ತನ ಟಿಪ್ಪಣಿಯ ಇಂಗ್ಲಿಷ್ ಅನುವಾದವನ್ನೂ ಕಡತದ ನಾಲ್ಕು ಮಡಿಕೆಗಳ ಚಿತ್ರವನ್ನೂ ನನಗೆ ಕೊಟ್ಟು, ಶುಕ್ರವಾರದೊಳಗೆ ಆದೀತೇ ಎಂದು ಕೇಳಿದರು.

ನಮ್ಮ ಪಂಡಿತರ ಹತ್ತಿರ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಯಾವುದೇ ಕಡತವನ್ನು ಹಿಂದೆ ಯಾರಾದರೂ ಓದಿ ಬರೆದಿಟ್ಟಿದ್ದರೆ, ಆ ಬರಹದ ಮೇಲೆ ಒಂದು ರಟ್ಟು ಮುಚ್ಚಿ, ರಟ್ಟಿನ ಮೇಲೆ ತಮ್ಮ ಎಲೆಯಡಿಕೆ ಚೀಲ ಇಟ್ಟುಬಿಡುತ್ತಿದ್ದರು. ನಾವು ಕಡತವನ್ನು ಪೂರ್ತಿ ಓದಿ ನಮ್ಮದನ್ನು ಶಾಯಿಯಲ್ಲಿ ಬರೆದಾದಮೇಲೆ ಚೀಲ ಎತ್ತುವುದು. ಅದಕ್ಕೆ ಮೊದಲು ರಟ್ಟಿನ ಅಂಚು ಸರಿಸಿದರೆ ಆ ದಿನದ ಓದು ಪೂರ್ತಿ ರದ್ದು. ಹನ್ನೊಂದು ವರ್ಷ ನಾನು ಒಂದು ದಿನವೂ ಅಂಚು ಸರಿಸಿರಲಿಲ್ಲ. ಇಲ್ಲಿ, ಊಟದ ಮೇಜಿನ ಮೇಲೆ, ಎಡಕ್ಕೆ ಇಂಗ್ಲಿಷ್ ಟಿಪ್ಪಣಿ, ಬಲಕ್ಕೆ ಲ್ಯಾಪ್‌ಟಾಪಿನಲ್ಲಿ ಕಡತ, ಎರಡನ್ನೂ ಬಿಚ್ಚಿಟ್ಟುಕೊಂಡು ಕೂತೆ. ಎಂಟು ವರ್ಷದ ಮೇಲೆ ಯಾರೋ ನನ್ನನ್ನು ಕೆಲಸಕ್ಕೆ ಕರೆದಿದ್ದರು, ತಪ್ಪಾಗಬಾರದೆಂಬ ಭಯ. ತಪ್ಪಾಗಬಾರದೆಂದು ಭಯಪಟ್ಟವಳು ಆ ಗುಮಾಸ್ತನ ಕೈ ಹಿಡಿದುಕೊಂಡೇ ಓದಿದೆ.

ನಾಲ್ಕನೆಯ ಮಡಿಕೆಯಲ್ಲಿ, ನಲವತ್ತು ಘಳಿಗೆ ಪರರ ಕೈಯಲ್ಲಿದ್ದೆವು ಎಂಬ ಅರ್ಥದ ಸಾಲು. ಕನ್ನಡದ ನಾಲ್ಕು, ಪಕ್ಕದಲ್ಲಿ ಸೊನ್ನೆ, ನಿಚ್ಚಳ. ಟಿಪ್ಪಣಿಯಲ್ಲಿ ಫಾರ್ಟಿ ಅವರ್ಸ್. ನಾನೂ ಫಾರ್ಟಿ ಅವರ್ಸ್ ಎಂದು ಟೈಪ್ ಮಾಡಿದೆ.

ಘಳಿಗೆ ಎಂದರೆ ನನಗೆ ಗೊತ್ತಿರಲಿಲ್ಲವೆಂದಲ್ಲ. ದಿನಕ್ಕೆ ಅರವತ್ತು ಘಳಿಗೆ, ಒಂದೊಂದು ಘಳಿಗೆಗೆ ಇಪ್ಪತ್ನಾಲ್ಕು ನಿಮಿಷ. ಇದು ಕಡತ ಓದುವವರ ಮೊದಲ ಪಾಠ. ಆದರೆ ಗೊತ್ತಿರುವುದು ಬೇರೆ, ಆ ಹೊತ್ತಿಗೆ ತಲೆಗೆ ಬರುವುದು ಬೇರೆ. ಒಳ್ಳೆಯ ಘಳಿಗೆ, ಕೆಟ್ಟ ಘಳಿಗೆ ಎಂದು ಬಾಯಿಮಾತಿಗೆ ಅನ್ನುತ್ತಾ ಅನ್ನುತ್ತಾ ಅದರ ಅಳತೆ ಮನಸ್ಸಿನಿಂದ ಜಾರಿಹೋಗಿತ್ತು. ಪಕ್ಕದಲ್ಲಿ ಇಂಗ್ಲಿಷ್ ಇರದಿದ್ದರೆ ಖಂಡಿತ ಲೆಕ್ಕ ಹಾಕುತ್ತಿದ್ದೆ. ಇದು ನೆಪವೆಂದು ನನಗೂ ಗೊತ್ತು.

ಪ್ರೊಫೆಸರ್ ಓದಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಹೇಳಿದರು: ಸೆರೆಸಿಕ್ಕ ಬೇರೆ ಹಡಗುಗಳಿಂದಲೂ ಇಂಥ ಕರಿ ಪುಸ್ತಕಗಳು ಹಲವು ಉಳಿದಿವೆ. ಅವನ್ನೆಲ್ಲ ಓದುವ ಒಂದು ಯೋಜನೆ ಅವರ ಮನಸ್ಸಿನಲ್ಲಿದೆ. ಸಮಿತಿಯೊಂದು ಒಪ್ಪಿದರೆ ಓದುವವರ ಹುದ್ದೆ ನನಗೆ. ಆಗ ಯೂನಿವರ್ಸಿಟಿಯೇ ನನಗೆ ವರ್ಕ್ ಪಾಸ್, ಅಂದರೆ ಸ್ವಂತ ಕೆಲಸದ ಕಾರ್ಡು, ಮಾಡಿಸಿಕೊಡುತ್ತದೆ. ನನ್ನ ಅನುವಾದದ ಆ ಪುಟವನ್ನೇ ಮಾದರಿಯಾಗಿ ಸಮಿತಿಗೆ ಕಳಿಸುತ್ತಾರೆ, ಕೆಳಗೆ ನನ್ನ ಹೆಸರಿನೊಂದಿಗೆ.

ಮನೆಗೆ ಎಂಆರ್‌ಟಿಯಲ್ಲಿ ಬರಬಹುದಿತ್ತು. ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ನನ್ನ ಕಾರ್ಡು, ಅದರ ಮೇಲೆ ನನ್ನ ಕೆಲಸದ ಹೆಸರು. ಇಷ್ಟು ಆಸೆ ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ನಮ್ಮ ಕಟ್ಟಡದ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ಕೂತಿದ್ದ ಪಕ್ಕದ ಮನೆಯ ಆಂಟಿ, ಏನು ವಿಶೇಷ, ಇಷ್ಟು ನಗುತ್ತಿದ್ದೀಯ ಎಂದು ಕೇಳಿದರು.

ಸಮಿತಿಯ ಮುಂದೆ ಹೋಗುವುದು ಗುರುವಾರ ಎಂದು ಗೊತ್ತಾಯಿತು. ಆ ವಾರದ ಸೋಮವಾರ ಪ್ರೊಫೆಸರ್ ಕಡತದ ಉಳಿದ ಮಡಿಕೆಗಳ ಚಿತ್ರ ಕಳಿಸಿದರು. ಮೊದಲಿಗೆ ಆ ಫೋಟೋಗಳು ಸಿಕ್ಕಿರಲಿಲ್ಲವಂತೆ, ಬೇರೆ ಕಟ್ಟಿನ ಫೋಟೋಗಳ ಜೊತೆ ಸೇರಿಹೋಗಿದ್ದವಂತೆ. ಸಂಜೆ, ಮೇಜಿನ ಆ ತುದಿಯಲ್ಲಿ ಮಗಳು ಗಣಿತದ ಹೋಮ್‌ವರ್ಕ್ ಮಾಡುತ್ತಿದ್ದಳು, ಈ ತುದಿಯಲ್ಲಿ ನಾನು. ಈ ಮಡಿಕೆಗಳಿಗೆ ಟಿಪ್ಪಣಿ ಇರಲಿಲ್ಲ. ಹಾಗಾಗಿ ಕಡತವನ್ನು ಕಡತದ ಹಾಗೆಯೇ ಓದಿದೆ.

ಹೊತ್ತು ಹುಟ್ಟಿ ಇಪ್ಪತ್ತು ಘಳಿಗೆಗೆ ಹಡಗು ಹಿಡಿದರು ಎಂದು ತಂಡೇಲ ಬರೆದಿದ್ದ. ಹನ್ನೊಂದು ಜನರನ್ನು ಹಡಗಿನ ತಳಕ್ಕೆ ಇಳಿಸಿ ಮೇಲೆ ಹಲಗೆ ಹೊಡೆದರು. ಅಡುಗೆಯವನನ್ನು ಮಾತ್ರ ಮೇಲೆ ಉಳಿಸಿಕೊಂಡರು, ಅವರಿಗೂ ಊಟ ಬೇಕಲ್ಲ. ಕೆಳಗೆ ಅಕ್ಕಿ ಮೂಟೆಗಳ ಮೇಲೆ ಬೆನ್ನು ಬಗ್ಗಿಸಿಯೇ ಕೂರಬೇಕು. ಕತ್ತಲೆ, ಸೆಕೆ. ಒಬ್ಬ ಹಲಗೆಗೆ ತಲೆ ಚಚ್ಚಿಕೊಳ್ಳತೊಡಗಿದ, ಇಬ್ಬರು ಅವನನ್ನು ಹಿಡಿದುಕೊಂಡರು. ತಂಡೇಲನ ಗಂಟಿನಲ್ಲಿ ಘಳಿಗೆ ಬಟ್ಟಲಿತ್ತು. ತಳದಲ್ಲಿ ಸೂಜಿಯಷ್ಟು ತೂತಿರುವ ಆ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಸರಿಯಾಗಿ ಒಂದು ಘಳಿಗೆಗೆ ತುಂಬಿ ಮುಳುಗುತ್ತದೆ. ಅವನು ಕುಡಿಯುವ ನೀರಿನ ಕೊಡದಲ್ಲೇ ಅದನ್ನು ಬಿಟ್ಟ. ಬಾಯಾರಿದವರು ಬೈದರು ಎಂದೂ ಬರೆದಿದ್ದಾನೆ. ಕಣ್ಣಿಗೆ ಕಾಣದು, ಹಾಗಾಗಿ ಬೆರಳು ನೀರಿನಲ್ಲಿಟ್ಟು ಕೂತ. ಬಟ್ಟಲು ಮುಳುಗಿದಾಗಲೆಲ್ಲ ಎತ್ತಿ, ಚೆಲ್ಲಿ, ಮತ್ತೆ ತೇಲಿಬಿಟ್ಟು, ಕಡತದ ಮೇಲೆ ಒಂದು ಗೆರೆ ಎಳೆದ.

ಮುಂದಿನ ಮಡಿಕೆಯಲ್ಲಿ ಅಕ್ಷರವೇ ಇರಲಿಲ್ಲ. ಬರೀ ಗೆರೆಗಳು. ಕತ್ತಲಲ್ಲಿ ಎಳೆದವಾದ್ದರಿಂದ ಕೆಲವು ಒಂದರ ಮೇಲೊಂದು ಬಿದ್ದಿದ್ದವು, ಕೆಲವು ಮಡಿಕೆಯ ಅಂಚು ದಾಟಿದ್ದವು, ಒಂದೆಡೆ ಒದ್ದೆ ಬೆರಳು ತಾಗಿ ಅರ್ಧ ಅಳಿಸಿತ್ತು. ಎಣಿಸಿದೆ. ನಲವತ್ತು. ಅದರ ಮುಂದಿನ ಮಡಿಕೆಯಲ್ಲಿ, ಮೇಲೆ ಗುಂಡಿನ ಸದ್ದಾಯಿತು, ಹಲಗೆ ತೆಗೆದರು, ಹೊತ್ತು ಹುಟ್ಟುತ್ತಿತ್ತು ಎಂದಿತ್ತು. ಇಪ್ಪತ್ತಕ್ಕೆ ನಲವತ್ತು ಸೇರಿದರೆ ಅರವತ್ತು. ಹೊತ್ತು ಹುಟ್ಟಿನಿಂದ ಹೊತ್ತು ಹುಟ್ಟಿನವರೆಗೆ ಒಂದು ದಿನ, ಒಂದು ಘಳಿಗೆ ಹೆಚ್ಚಿಲ್ಲ, ಕಡಿಮೆಯಿಲ್ಲ. ತೂಗಾಡುವ ಹಡಗಿನ ತಳದಲ್ಲಿ ಕೂತು ಆ ಮನುಷ್ಯ ಲೆಕ್ಕ ತಪ್ಪಿರಲಿಲ್ಲ. ತಪ್ಪಿದವಳು ನಾನು, ಫ್ಯಾನಿನ ಕೆಳಗೆ ಕೂತು.

“ಫಾರ್ಟಿ ಇಂಟು ಟ್ವೆಂಟಿ ಫೋರ್ ಎಷ್ಟಾಗುತ್ತೆ ನೋಡು,” ಎಂದೆ ಮಗಳಿಗೆ, ನನ್ನ ಬಾಯಿಂದ ಹೇಳಲು ಆಗದೆ.

“ನೈನ್ ಸಿಕ್ಸ್ಟಿ.”

“ಅಷ್ಟು ನಿಮಿಷ ಅಂದ್ರೆ?”

“ಸಿಕ್ಸ್‌ಟೀನ್ ಅವರ್ಸ್ ಓನ್ಲಿ ಲಾ. ಯಾಕಮ್ಮ?” ಎಂದಳು, ಇಲ್ಲಿನವರ ಹಾಗೆ ಮಾತಿಗೊಂದು ‘ಲಾ’ ಸೇರಿಸಿ.

ಹೇಳಿದೆ. ಹಡಗು, ಗಡುವು, ಗೆರೆ ಎಲ್ಲ ಹೇಳಿದೆ. ಅವಳು ಪೆನ್ಸಿಲ್ ಕೆಳಗಿಟ್ಟು ನನ್ನ ಪಕ್ಕ ಬಂದು ನಿಂತು ಆ ಗೆರೆಗಳನ್ನು ತಾನೂ ಎಣಿಸಿದಳು.

“ಸೋ ಅವ್ರು ಶಿಪ್ ವಾಪಸ್ ಕೊಡ್ಬೇಕಿತ್ತಲ್ವಾ? ಯಾರು ಮಿಸ್ಟೇಕ್ ಮಾಡಿದ್ದು?”

“ಆಗ ಅಲ್ಲಿಯವರು ಯಾರೋ. ಈಗ ನಾನು.”

“ದೆನ್ ಜಸ್ಟ್ ಟೆಲ್ ಹರ್ ಲಾ ಅಮ್ಮ. ಇಟ್ಸ್ ಓಕೆ.”

ಹದಿಮೂರು ವರ್ಷಕ್ಕೆ ಎಲ್ಲವೂ ಓಕೆ. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಪ್ರೊಫೆಸರ್ ಎರಡು ವರ್ಷದಿಂದ ಕಟ್ಟಿದ ವಾದ, ಸಮಿತಿಗೆ ಮೂರು ದಿನ ಇರುವಾಗ, ಕೆಳಗೆ ಬೀಳುತ್ತದೆ. ಗಂಟೆಗೂ ಘಳಿಗೆಗೂ ವ್ಯತ್ಯಾಸ ಮರೆತವಳನ್ನು ಓದುವ ಹುದ್ದೆಗೆ ಯಾರು ತೆಗೆದುಕೊಳ್ಳುತ್ತಾರೆ? ಹೇಳದಿದ್ದರೆ? ಈ ಚಿತ್ರಗಳನ್ನು ನೋಡಿ ಓದಬಲ್ಲವರು ಈ ದ್ವೀಪದಲ್ಲಿ ನಾನೊಬ್ಬಳೇ. ಹಡಗಿನ ತಳದಲ್ಲಿ ಕೂತ ತಂಡೇಲನಿಗೆ ಸಿಕ್ಕ ಎರಡನೆಯ ಓದುಗಾರ್ತಿ ನಾನು. ಮೊದಲನೆಯವನು ಅವನ ಹಡಗು ಕಳೆದಿದ್ದ.

ಗಂಡನಿಗೆ ಹೇಳಿದಾಗ ಅವನು ಶೂ ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿದ. ಕೆಟ್ಟವನಲ್ಲ, ನನಗೆ ಒಳ್ಳೆಯದಾಗಲಿ ಎಂದೇ ಬಯಸುವವನು.

“ಇನ್ನೂರು ವರ್ಷದ ಹಿಂದಿನ ಕೇಸು ಕಣೇ. ಈಗ ನೀನು ಹೇಳಿದ್ರೆ ಹಡಗು ವಾಪಸ್ ಬರತ್ತಾ? ಪಾಸ್ ಬರ್ಲಿ. ಆಮೇಲೆ ಹೊಸ ಪೇಜಲ್ಲಿ ಸಿಕ್ತು, ಕರೆಕ್ಟ್ ಮಾಡ್ಬೇಕು ಅಂತ ಹೇಳು. ಅಷ್ಟೇ.”

“ಆಮೇಲೆ ಹೇಳೋಕ್ ಆಗತ್ತೇನ್ರೀ?”

“ದಿನಾ ನನ್ ಕಾರ್ಡು ನನಗ್ ಬೇಕು ಅಂತಿದ್ದೋಳು ನೀನೇ ತಾನೇ?”

ಮಂಗಳವಾರ ನಾಲ್ಕು ಸಲ ಇಮೇಲ್ ಬರೆದು ನಾಲ್ಕು ಸಲವೂ ಅಳಿಸಿದೆ. ಮನೆಯಲ್ಲಿ ಕೂರಲಾಗದೆ ಬಸ್ಸು ಹತ್ತಿ ಪಶ್ಚಿಮದ ಕಡಲ ದಂಡೆಗೆ ಹೋದೆ. ದೂರದಲ್ಲಿ ಹಡಗುಗಳು ಲಂಗರು ಹಾಕಿ ನಿಂತಿದ್ದವು. ಅವುಗಳ ಒಳಗೂ ಜನ ಇರುತ್ತಾರೆ ಎಂದು ಎಂಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿದವಳಲ್ಲ. ಆ ದಿನ ಅದೇ ಯೋಚನೆ. ಸುಮ್ಮಸುಮ್ಮನೆ ಮಗಳ ಮೇಲೆ ರೇಗಿದೆ. ತಂಡೇಲನ ಮೇಲೂ ಸಿಟ್ಟು ಬಂತು. ಗೆರೆ ಯಾಕೆ ಎಳೆದ, ಸುಮ್ಮನೆ ಎಲ್ಲರ ಹಾಗೆ ಕೂತಿದ್ದರೆ ಏನಾಗುತ್ತಿತ್ತು ಎಂದು ಸತ್ತ ಮನುಷ್ಯನಿಗೆ ಬೈದುಕೊಂಡೆ.

ಬುಧವಾರ ಬೆಳಿಗ್ಗೆ ಹೇಳಿಯೇ ಬಿಡುವುದೆಂದು ಹೊರಟೆ. ಪ್ರೊಫೆಸರ್ ಕೋಣೆಯ ಬಾಗಿಲು ತೆರೆದೇ ಇತ್ತು. ಅವರು ನಾಳೆಗೆಂದು ಮುದ್ರಿಸಿದ ಹಾಳೆಗಳನ್ನು ಜೋಡಿಸುತ್ತಿದ್ದರು. ನನ್ನನ್ನು ನೋಡಿದ್ದೇ ಒಂದು ಹಾಳೆ ಎತ್ತಿ ಕೊಟ್ಟರು. ನನ್ನ ಅನುವಾದ, ಕೆಳಗೆ ನನ್ನ ಪೂರ್ತಿ ಹೆಸರು. ತಂದೆಯ ಹೆಸರಿನ ಕಾಗುಣಿತ ಸರಿಯಿದೆಯೇ ನೋಡಿ ಎಂದರು. ಹನ್ನೊಂದು ವರ್ಷ ಮೈಸೂರಿನಲ್ಲಿ ನಾನು ಓದಿದ ಯಾವ ಕಡತದ ಕೆಳಗೂ ನನ್ನ ಹೆಸರು ಬಂದಿರಲಿಲ್ಲ, ಬಂದದ್ದೆಲ್ಲ ವಿಭಾಗದ ಮುಖ್ಯಸ್ಥರದ್ದು. ಕಾಗುಣಿತ ಸರಿಯಿದೆ ಎಂದೆ.

ಹೊಸ ಮಡಿಕೆಗಳಲ್ಲಿ ಏನಾದರೂ ಇದೆಯೇ ಎಂದು ಅವರು ಕೇಳಿದರು. ಅವರೇ ಕೇಳಿದರು. ಇದಕ್ಕಿಂತ ಒಳ್ಳೆಯ ಅವಕಾಶ ದೇವರು ಯಾರಿಗೂ ಕೊಡುವುದಿಲ್ಲ. ಜನರನ್ನು ಹಡಗಿನ ತಳದಲ್ಲಿ ಕೂಡಿಹಾಕಿದ ವಿವರ ಇದೆ, ಇನ್ನೂ ಓದುತ್ತಿದ್ದೇನೆ ಎಂದೆ. ಲಿಫ್ಟಿನಲ್ಲಿ ಇಳಿಯುವಾಗ ಲೆಕ್ಕ ಹಾಕಿದೆ, ನನಗೆ ಗೊತ್ತಾಗಿ ನಲವತ್ತು ಗಂಟೆ ಆಗಿರಬೇಕು. ಅವು ಮಾತ್ರ ನಿಜವಾದ ಗಂಟೆಗಳೇ. ಮೊದಲ ದಿನವೇ ಬಾಯಿಬಿಟ್ಟಿದ್ದರೆ ಅದು ತಪ್ಪು ಅನ್ನಿಸಿಕೊಳ್ಳುತ್ತಿತ್ತು. ಈಗ ಅದು ಸುಳ್ಳು, ಮತ್ತು ಅದು ನನ್ನದೇ.

ಗುರುವಾರ ಸಮಿತಿಯವರು ಉದ್ದನೆಯ ಮೇಜಿನ ಆಚೆ ಐದು ಜನ ಕೂತಿದ್ದರು. ಏಸಿ ಎಷ್ಟು ತಣ್ಣಗಿತ್ತೆಂದರೆ ಸೀರೆಯ ಸೆರಗನ್ನು ಎರಡು ಸುತ್ತು ಹೊದ್ದುಕೊಂಡೆ. ಪ್ರೊಫೆಸರ್ ಚೆನ್ನಾಗಿ ಮಾತಾಡಿದರು. ಅವರಲ್ಲಿ ಹಿರಿಯರೊಬ್ಬರು, ಬಹಳ ಮರ್ಯಾದೆಯ ಮನುಷ್ಯ, ನನ್ನ ಕಡೆ ತಿರುಗಿ ಕೇಳಿದರು: ನಲವತ್ತು ಗಂಟೆ ಎಂಬುದೇ ಈ ಮೊಕದ್ದಮೆಯ ಜೀವಾಳ, ಮೂಲದಲ್ಲಿ ಅದು ಸ್ಪಷ್ಟವಾಗಿದೆಯೇ?

“ಯೆಸ್ ಸರ್. ಫಾರ್ಟಿ ಈಸ್ ವೆರಿ ಕ್ಲಿಯರ್,” ಎಂದೆ.

ನೋಡಿ, ಎಷ್ಟು ಜಾಣತನ. ನಲವತ್ತು ಸ್ಪಷ್ಟವಾಗಿಯೇ ಇತ್ತಲ್ಲ. ಅರ್ಧ ಕ್ಷಣ ನನ್ನ ಉತ್ತರವನ್ನು ನಾನೇ ಮೆಚ್ಚಿಕೊಂಡೆ. ಅವರು ತಲೆಯಾಡಿಸಿ ಬರೆದುಕೊಂಡರು. ಹೊರಗೆ ಬಂದಮೇಲೆ ಪ್ರೊಫೆಸರ್ ನನ್ನನ್ನು ಅಪ್ಪಿಕೊಂಡರು.

ಮನೆಯಲ್ಲಿ ಮಗಳು ಬಾಗಿಲಲ್ಲೇ ಕೇಳಿದಳು. “ಹೇಳ್ದ್ಯಾ ಅಮ್ಮ? ಶೀ ಸ್ಕೋಲ್ಡ್ ಯು ಆರ್ ನಾಟ್?”

“ಹೇಳ್ದೆ. ಬೈಲಿಲ್ಲ.”

“ಸೀ? ಐ ಟೋಲ್ಡ್ ಯು,” ಎಂದು ಅವಳು ಹಾಡಿಕೊಳ್ಳುತ್ತ ಸ್ನಾನಕ್ಕೆ ಹೋದಳು. ಗಂಡ ನನ್ನ ಮುಖ ನೋಡಿ, ತಟ್ಟೆ ಇಡಲು ಅಡುಗೆಮನೆಗೆ ಹೋದ.

ಪಾಸು ಬಂತು. ಗಂಡ ಕೇಕು ತಂದ. ಹಳೆಯ ಕಾರ್ಡು ಕೊಟ್ಟು ಹೊಸದು ತೆಗೆದುಕೊಂಡೆ. ಈಗ ನನಗೊಂದು ಮೇಜಿದೆ, ಒಂದು ಕಿಟಕಿಯಿದೆ. ಬೆಳಿಗ್ಗೆ ಎಲ್ಲರ ಜೊತೆ ನಾನೂ ಮನೆಗೆ ಬೀಗ ಹಾಕಿ ಹೊರಡುತ್ತೇನೆ. ಕೆಲಸ ಪ್ರೀತಿಯಿಂದ ಮಾಡುತ್ತೇನೆ. ಬೇರೆ ಕಡತಗಳನ್ನು ಮುಟ್ಟುವಾಗಲೆಲ್ಲ ಹಳೆಯ ಟಿಪ್ಪಣಿಗಳ ಮೇಲೆ ರಟ್ಟು ಮುಚ್ಚುತ್ತೇನೆ, ಒಂದೊಂದು ಅಂಕಿಯನ್ನು ಮೂರು ಸಲ ನೋಡುತ್ತೇನೆ. ಇಷ್ಟು ಶಿಸ್ತಿನ ಓದುಗರು ಸಿಗುವುದಿಲ್ಲವೆಂದು ಪ್ರೊಫೆಸರ್ ಎಲ್ಲರಿಗೂ ಹೇಳುತ್ತಾರೆ.

ಆದರೆ ಮೊದಲ ತಿಂಗಳಲ್ಲೇ ಆ ಪತ್ತೆಮಾರಿಯ ಉಳಿದ ಮಡಿಕೆಗಳ ಅನುವಾದ ಕೊಡಬೇಕಾಗಿ ಬಂತು. ಗಂಡ ಹೇಳಿದ ‘ಆಮೇಲೆ’ ಅದೇ. ಅಷ್ಟರಲ್ಲಿ ಪ್ರೊಫೆಸರ್ ಲೇಖನ ಅಚ್ಚಿಗೆ ಹೋಗಿತ್ತು, ಅದರ ಮೊದಲ ಪುಟದಲ್ಲಿ ಅವರು ನನಗೆ ಕೃತಜ್ಞತೆ ಹೇಳಿದ್ದರು. ಹಡಗು ಹಿಡಿದ ಹೊತ್ತು ಬರೆದಿದ್ದ ಸಾಲಿಗೂ, ಬಿಡುಗಡೆಯ ಹೊತ್ತು ಬರೆದಿದ್ದ ಸಾಲಿಗೂ ‘ಅಳಿಸಿಹೋಗಿದೆ’ ಎಂದು ಬರೆದೆ. ಘಳಿಗೆ ಬಟ್ಟಲಿನ ವಿಷಯಕ್ಕೂ ಹಾಗೆಯೇ. ಗೆರೆಗಳ ಮಡಿಕೆಯ ಚಿತ್ರವನ್ನು ಬಹಳ ಹೊತ್ತು ಪರದೆಯ ಮೇಲೆ ಬಿಟ್ಟುಕೊಂಡು ಕೂತಿದ್ದೆ. ಆಮೇಲೆ ಅದರ ಕೆಳಗೆ ಟೈಪ್ ಮಾಡಿದೆ: ಗೀಚುಗಳು, ಬರಹವಲ್ಲ.

ಅಳಿಸಲು ಒದ್ದೆ ಬಟ್ಟೆ ಬೇಕಾಗಲಿಲ್ಲ.

ಮಗಳಿಗೆ ಶಾಲೆಯಲ್ಲಿ ಇಂಗ್ಲಿಷ್ ತರಗತಿಯ ಮುಂದೆ ನಿಂತು ಮೂರು ನಿಮಿಷ ಮಾತಾಡುವ ಪರೀಕ್ಷೆಯಿತ್ತು. ಅವಳು ಯಾರಿಗೂ ಹೇಳದೆ ಆರಿಸಿಕೊಂಡ ವಿಷಯ: ನನ್ನ ಅಮ್ಮ ತನ್ನ ತಪ್ಪನ್ನು ಒಪ್ಪಿಕೊಂಡು ಒಂದು ಹಡಗನ್ನು ಅದರ ಯಜಮಾನನಿಗೆ ವಾಪಸ್ ಕೊಡಿಸಿದ್ದು. ಟೀಚರಿಗೆ ಬಹಳ ಇಷ್ಟವಾಯಿತಂತೆ. ಮನೆಗೆ ಬಂದು ನನ್ನ ಮುಂದೆಯೂ ನಿಂತು ಪೂರ್ತಿ ಒಪ್ಪಿಸಿದಳು, ನಲವತ್ತು ಗೆರೆಗಳನ್ನು ಗಾಳಿಯಲ್ಲಿ ಎಳೆದು ತೋರಿಸಿದಳು. ನಾನು ಚಪ್ಪಾಳೆ ತಟ್ಟಿದೆ. ತಟ್ಟದೆ ಬೇರೆ ದಾರಿಯಿರಲಿಲ್ಲ. ಆ ಮೂರು ನಿಮಿಷ ನಾನು ಯಾವ ಹಲಗೆಯ ಕೆಳಗೆ ಕೂತಿದ್ದೆನೋ ಅದು ನನಗೊಬ್ಬಳಿಗೇ ಗೊತ್ತು.

ಇದನ್ನೆಲ್ಲ ಬರೆದರೆ ಎದೆ ಹಗುರಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ಯಾಕೆಂದರೆ ನಾನು ಬರೆದದ್ದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಒಂದೇ ಸಾಲು ಸಾಕಿತ್ತು, ಅದು ನನಗೆ ಬರುತ್ತದೆ ಕೂಡ. ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಪ್ರೊಫೆಸರಿಗೆ ಅಕ್ಷರವೂ ಗೊತ್ತಿಲ್ಲ. ನಾಳೆ ಈ ಪುಟಗಳು ಅವರ ಕಣ್ಣಿಗೆ ಬಿದ್ದರೆ, ಇದರಲ್ಲಿ ಏನು ಬರೆದಿದೆ ಎಂದು ಅವರು ನನ್ನನ್ನೇ ಕೇಳುತ್ತಾರೆ.